ಮಾವಿನ ಶೆಡ್ಡಿನಲ್ಲಿ ಜಪಾನಿನ ಗೊಂಬೆ ಸಿನಿಮಾ

ಮೊನ್ನೆ ರಾಯಲ್ಪಾಡಿನಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿದೆ. ನಾನು ಕೂತ ಸೀಟಿನ ಕೆಳಗೆ ಯಾರೋ ಮಾವಿನಹಣ್ಣಿನ ಬುಟ್ಟಿ ತಳ್ಳಿದ್ದರು. ಈಗೆಲ್ಲ ಪ್ಲಾಸ್ಟಿಕ್ ಕ್ರೇಟು, ಹಳೇ ಪೇಪರು. ಇವರು ಯಾರೋ ಹಳಬರು, ಅಡಿಗೂ ಮೇಲಕ್ಕೂ ಒಣಹುಲ್ಲು ಹಾಕಿದ್ದರು. ಹುಲ್ಲಿನ ಕಾವಿಗೆ ಬಾದಾಮಿ ಮಾವು ಹಣ್ಣಾಗುವಾಗ ಒಂದು ವಾಸನೆ ಬರುತ್ತದೆ. ಹಣ್ಣಿನದೂ ಅಲ್ಲ, ಹುಲ್ಲಿನದೂ ಅಲ್ಲ, ಎರಡೂ ಕೂಡಿ ಆದದ್ದು. ಅದು ಮೂಗಿಗೆ ಬಿದ್ದದ್ದೇ ತಡ, ನಮ್ಮೂರ ಹೊರಗಿನ ಮಾವಿನ ಶೆಡ್ಡು, ಅಲ್ಲಿ ಕಂಬಕ್ಕೆ ಬಿಗಿದಿದ್ದ ಟೀವಿ, ಅದರಲ್ಲಿ ಹಾರಾಡಿದ ಜಪಾನಿನ ಗೊಂಬೆಗಳು, ಎಲ್ಲ ಎದ್ದು ಕಣ್ಣ ಮುಂದೆ ನಿಂತವು.

ಬಸ್ಸಿನಲ್ಲಿ ಕಂಡಕ್ಟರಮ್ಮನ ಗಲಾಟೆ ನಡೆದಿತ್ತು. ಒಳಗೆ ಹೋಗಿ, ಹಿಂದೆ ಜಾಗ ಇದೆ, ಚಿಲ್ಲರೆ ತೆಗೀರಿ, ಕೋಳೀನ ಸೀಟಿನ ಮೇಲೆ ಕೂರಿಸಬೇಡಿ. ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದಳು. ನನ್ನ ಪಕ್ಕ ಕೂತಿದ್ದ ಯಾರೋ ಯಜಮಾನರು ಟವೆಲಿನಿಂದ ಕಿವಿ ಒರೆಸಿಕೊಂಡು, "ಈಯಮ್ಮ ಬಾಯಿ ಮುಚ್ಚೋದೇ ಇಲ್ವೇನಮ್ಮಾ?" ಎಂದು ನನ್ನನ್ನು ಕೇಳಿದರು. ಆ ಕಂಡಕ್ಟರಮ್ಮ ನನ್ನ ಮಗನ ಮಗಳು ಭವ್ಯ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರಿಗೆ ನಾನು ಏನು ಹೇಳಿದೆ ಅನ್ನುವುದು ಕೊನೆಗಿರಲಿ. ಅದಕ್ಕೆ ಮುಂಚೆ ಆ ವರ್ಷದ ಮಾವಿನ ಕಾಲ ಹೇಳಬೇಕು.

ಆಗ ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ, ಕೇಬಲ್ಲು ಮಾತ್ರ ಮನೆಮನೆಗೂ ನುಗ್ಗಿತ್ತು. ಭವ್ಯ ಮೂರನೇ ಕ್ಲಾಸು ಓದುತ್ತಿದ್ದಳು. ನಾನು ಸ್ಕೂಲು ಬಿಟ್ಟದ್ದೂ ಮೂರನೇ ಕ್ಲಾಸಿಗೇ. ಈ ವರ್ಷ ಅಜ್ಜಿ ಮೊಮ್ಮಗಳು ಸಮ ಆದಿರಿ ಎಂದು ನಮ್ಮ ಮನೆಯವರು, ಅವಳ ತಾತ, ನಗುತ್ತಿದ್ದರು. ಅವರದು ಕಸಿ ಕಟ್ಟುವ ಕೈ. ಸುತ್ತಲಿನ ತೋಟದವರೆಲ್ಲ ಅವರನ್ನೇ ಕರೆಯುತ್ತಿದ್ದರು. ಭವ್ಯ ಅವರ ಬಾಲ. ತಾತ ಚಾಕು ಹಿಡಿದರೆ ಅವಳು ಕಟ್ಟುವ ಪಟ್ಟಿ ಹಿಡಿದು ನಿಲ್ಲುವಳು. ದಾರಿಯಲ್ಲಿ ಯಾವುದೇ ಗಿಡ ಸಿಗಲಿ, ಇದು ನಿನಗಿಂತ ದೊಡ್ಡದೋ ಚಿಕ್ಕದೋ ಎಂದು ತಾತ ಕೇಳುವುದು, ಅವಳು ಕಾಂಡ ಹಿಡಿದು, ಕವಲು ನೋಡಿ, ವಯಸ್ಸು ಹೇಳುವುದು. ಇದು ಅವರಿಬ್ಬರ ಆಟ. ಮನೆಗೆ ಬಂದ ಮೇಲೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ, ಉಣ್ಣುವಾಗಲೂ ಗಿಡದ ಮಾತೇ.

ಸಂಕ್ರಾಂತಿ ಕಳೆದು ಮಾವು ಹೂವು ಬಿಡುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಅವರು ತೋಟದಲ್ಲಿ ಮರಕ್ಕೆ ಒರಗಿ ಕೂತರು. ನೀರು ತಗೊಂಡು ಬಾರಮ್ಮ ಎಂದು ಅವಳನ್ನು ಕಳಿಸಿದರು. ಅವಳು ಚೊಂಬು ತುಂಬಿಸಿಕೊಂಡು ಬರುವ ಹೊತ್ತಿಗೆ ತಾತ ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡು ಚೊಂಬು ಹಿಡಿದೇ ಪಕ್ಕದಲ್ಲಿ ಕೂತಿದ್ದಳು. ನಾವು ಹುಡುಕಿಕೊಂಡು ಹೋದಾಗ ಹೊತ್ತು ಇಳಿದಿತ್ತು.

ನಮ್ಮಲ್ಲಿ ಸಾವಿನ ಮನೆಯಿಂದ ಸಣ್ಣ ಮಕ್ಕಳನ್ನು ಬೇರೆ ಕಡೆಗೆ ಸಾಗಿಸಿಬಿಡುತ್ತಾರೆ. ಹೆಣ ನೋಡಬಾರದು, ಅಳು ಕೇಳಬಾರದು ಎಂದು. ನಮ್ಮ ಅಳಿಯಂದಿರು ಸ್ಕೂಟರು ತಂದು ಅವಳನ್ನು ಮುಳಬಾಗಿಲಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಕಾರ್ಯವೆಲ್ಲ ಮುಗಿದ ಮೇಲೆ ತಂದು ಬಿಟ್ಟರು. ಬಂದವಳು ನಡುಮನೆಯ ಮಂಚ ನೋಡಿದಳು, ಅದರ ಮೇಲೆ ಹಾಸಿಗೆ ಇರಲಿಲ್ಲ. ನನ್ನ ಬರೀ ಹಣೆ ನೋಡಿದಳು. ಏನೂ ಕೇಳಲಿಲ್ಲ. ಅವತ್ತಿನಿಂದ ಅವಳ ಮಾತು ನಿಂತಿತು.

ಮಗುವಿನ ಮುಂದೆ ತಾತನ ವಿಷಯ ಎತ್ತಬೇಡಿ ಎಂದು ಬಂದವರೆಲ್ಲ ಹೇಳಿದರು. ನಾವೂ ಎತ್ತಲಿಲ್ಲ. ಬಜೆ ಬೇರು ತೇದು ನಾಲಿಗೆಗೆ ಹಚ್ಚಿದೆ. ಕುರುಡುಮಲೆ ಗಣಪತಿಗೆ ಹರಕೆ ಹೊತ್ತೆ. ದರ್ಗಾದಲ್ಲಿ ತಾಯತ ಕಟ್ಟಿಸಿದೆ. ಕೋಲಾರದಲ್ಲಿ ಡಾಕ್ಟರು ಬ್ಯಾಟರಿ ಬಿಟ್ಟು ಗಂಟಲು ನೋಡಿ, ಒಳಗೆ ಏನೂ ತೊಂದರೆ ಇಲ್ಲ, ತಾನಾಗೇ ಬರಬೇಕು ಅಂದರು. ತಾನಾಗೇ ಅಂದರೆ ಯಾವಾಗ? ಸ್ಕೂಲಿನಲ್ಲಿ ಹಾಜರಿ ಕೂಗಿದರೂ ಓಗೊಡುತ್ತಿರಲಿಲ್ಲ. ಹೇಗೋ ಪಾಸು ಮಾಡಿದರು, ಆದರೆ ಮುಂದಿನ ವರ್ಷ ನಮ್ಮ ಕೈಲಿ ಆಗಲ್ಲ ಎಂದು ಮೇಷ್ಟ್ರು ಹೇಳಿ ಕಳಿಸಿದರು.

ನನ್ನ ಮಗ ನಾಗರಾಜ ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಮೇಸ್ತ್ರಿಯಾಗಿದ್ದ. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನು ಬೆಂಗಳೂರಿನಲ್ಲಿ ಮಾತು ಬಾರದ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಶಾಲೆಯೊಂದನ್ನು ವಿಚಾರಿಸಿಕೊಂಡು ಬಂದ. ಜೂನಿನಲ್ಲಿ ಸೇರಿಸುವುದು ಎಂದು ಮಾತಾಯಿತು. ಮಾತು ಬರುವ ಮಗೂನ ಅಲ್ಲಿ ಬಿಟ್ಟರೆ ಇನ್ನೆಂದಿಗೂ ಬರಲ್ಲ ಕಣೋ ಎಂದು ನಾನು ಅತ್ತೆ. ಇಲ್ಲಿಟ್ಟುಕೊಂಡು ನಾವು ಏನು ಮಾಡಿದೆವು ಹೇಳಮ್ಮ ಎಂದು ಅವನೂ ಅತ್ತ. ಸೊಸೆ ಸರೋಜ ಶ್ರೀನಿವಾಸಪುರದ ಸಂತೆಯಿಂದ ಒಂದು ತಗಡಿನ ಟ್ರಂಕು ತಂದು ಬಾಗಿಲ ಪಕ್ಕ ಇಟ್ಟಳು. ಹೋಗುವಾಗ ಬರುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಮೇ ತಿಂಗಳು ನಡೆಯುತ್ತಿತ್ತು.

ಮಾವಿನ ಕಾಲದಲ್ಲಿ ನಮ್ಮೂರ ಹೆಂಗಸರಿಗೆಲ್ಲ ಶೆಡ್ಡಿನಲ್ಲಿ ಕೆಲಸ. ತೋಟದಿಂದ ಬಂದ ಕಾಯಿಯನ್ನು ಹುಲ್ಲಿನ ಮೇಲೆ ಸುರಿದರೆ ನಾವು ಸುತ್ತ ಕೂತು ಆರಿಸಬೇಕು. ಸೊನೆ ಸುಟ್ಟದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಒಂದು ಕಡೆ, ಒಳ್ಳೆಯದು ಪೆಟ್ಟಿಗೆಗೆ. ರಾತ್ರಿ ಊಟದ ಹೊತ್ತಿಗೆ ಲಾರಿ ಬಂದು ಮಂಡಿಗೆ ತುಂಬಿಕೊಂಡು ಹೋಗುತ್ತಿತ್ತು. ಹೆಂಗಸರು ಬೇಗ ಎದ್ದು ಹೋಗದಿರಲಿ ಎಂದು ಶೆಡ್ಡಿನ ಮೇಸ್ತ್ರಿ ಗುರಪ್ಪ ಕಂಬಕ್ಕೆ ಒಂದು ಟೀವಿ ಬಿಗಿಸಿದ್ದ. ಕಣ್ಣು ಟೀವಿಯ ಮೇಲೆ, ಕೈ ಕಾಯಿಯ ಮೇಲೆ. ಬೆರಳಿಗೇ ಗೊತ್ತಾಗುತ್ತಿತ್ತು, ಯಾವುದು ಗಟ್ಟಿ, ಯಾವುದು ಮೆತ್ತಗೆ. ಭವ್ಯಳನ್ನು ನಾನು ಜೊತೆಗೇ ಕರೆದುಕೊಂಡು ಹೋಗುತ್ತಿದ್ದೆ. ನನ್ನ ಬೆನ್ನಿಗೆ ಅಂಟಿಕೊಂಡು ಹುಲ್ಲಿನ ಮೇಲೆ ಕೂರುತ್ತಿದ್ದಳು.

ಕೇಬಲ್ ಸೀನ ದಿನಾ ಸಂಜೆ ತನ್ನ ಚಾನೆಲ್ಲಿನಲ್ಲಿ ಒಂದು ಸಿನಿಮಾ ಬಿಡುತ್ತಿದ್ದ. ಅವತ್ತು ಸಿಕ್ಕಿದ್ದು ಜಪಾನಿನ ಸಿ.ಡಿ. ಬರೀ ಬಿಡಿಸಿದ ಗೊಂಬೆಗಳು, ಹೊಡೆದಾಟದ ಕಥೆ. ಮಾತು ಅವರದೇ ಭಾಷೆಯಲ್ಲಿ. ಗೊಂಬೆ ಸಿನಿಮಾ ನಮಗ್ಯಾಕೆ ಎಂದು ಮೊದಲು ಎಲ್ಲರೂ ಗೊಣಗಿದರು. ಸ್ವಲ್ಪ ಹೊತ್ತಿಗೆ ಎಲ್ಲರ ಕತ್ತೂ ಟೀವಿಯ ಕಡೆಗೇ ನೆಟ್ಟಿತು.

ಬೆಟ್ಟದ ಮೇಲೆ ಒಂದು ಗುಡಿಸಲು, ಮುಂದೆ ಒಂದು ಮರ. ಒಬ್ಬ ಕೆಂಪು ಅಂಗಿಯವನು, ಒಬ್ಬ ಕಪ್ಪು ಅಂಗಿಯವನು. ಇಬ್ಬರೂ ಬೆಟ್ಟ ಬಿರಿಯುವಂತೆ ಬಡಿದಾಡಿದರು. ಕೆಂಪಿನವನು ಗೆದ್ದ. ಗೆದ್ದು, ಮರದ ಕೆಳಗಿನ ಕಲ್ಲಿನ ಗುಡ್ಡೆಗೆ ಅಡ್ಡಬಿದ್ದ. ಕೊಂಬೆಗೆ ಒಂದು ಹುಲ್ಲಿನ ಟೋಪಿ ನೇತು ಹಾಕಿತ್ತು. ಅದು ಅವನ ಗುರುವಿನ ಸಮಾಧಿ ಎಂದು ಭಾಷೆ ಬಾರದ ನಮಗೂ ತಿಳಿಯಿತು. ಅಷ್ಟರಲ್ಲಿ ಏನೇನೋ ಅಕ್ಷರ ಓಡಿದವು. ಇಂಟರ್ವಲ್ಲು, ಮಿಕ್ಕಿದ್ದು ನಾಳೆ ಬಿಡ್ತಾನೆ ಅಂದ ಗುರಪ್ಪ.

ಮಾರನೇ ಸಂಜೆ ಸೀನ ಇನ್ನೊಂದು ಸಿ.ಡಿ. ಹಾಕಿದ. ನೋಡಿದರೆ ಆ ಹುಲ್ಲಿನ ಟೋಪಿ ಒಬ್ಬ ಮುದುಕನ ತಲೆಯ ಮೇಲಿದೆ. ಬಿಳೀ ಹುಬ್ಬು, ನಗುಮುಖ. ಕೆಂಪು, ಕಪ್ಪು ಇಬ್ಬರಿಗೂ ಗಂಜಿ ಬಡಿಸಿ ವಿದ್ಯೆ ಕಲಿಸುತ್ತಿದ್ದಾನೆ. ಹೆಂಗಸರು ಚಪ್ಪಾಳೆ ತಟ್ಟಿದರು. ಕೊನೆಗೆ ಮಳೆಯಲ್ಲಿ ಮುದುಕನೂ ಕಪ್ಪಿನವನೂ ಎದುರೆದುರು ನಿಂತರು. ಅಷ್ಟೊತ್ತಿಗೆ ಕರೆಂಟು ಹೋಯಿತು.

ಮೂರನೇ ಸಂಜೆಯೂ ಕರೆಂಟಿಲ್ಲ. ಸೀಮೆಎಣ್ಣೆ ಲಾಟೀನು ನೇತುಹಾಕಿಕೊಂಡು ಕಾಯಿ ಆರಿಸುತ್ತಾ ಕೂತೆವು. ಟೀವಿ ಇಲ್ಲದಿದ್ದರೆ ಏನು, ಎಲ್ಲರ ಬಾಯಲ್ಲೂ ಅದೇ ಸಿನಿಮಾ. ನನ್ನ ಪಕ್ಕ ಕೂರುವ ರತ್ನಮ್ಮ ನನ್ನ ವಾರಗೆಯವಳು, ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಅವಳದು ಮೊದಲ ತಕರಾರು. ಹೊಡೆಯುವವನು ಹೊಡೆಯಬೇಕೇ ಹೊರತು ಅಷ್ಟುದ್ದ ಕೂಗಿಕೊಳ್ಳುವುದು ಯಾಕೆ? "ಮೇಲಕ್ಕೆ ಹಾರ್ತಾರೆ, ಅಲ್ಲೇ ನಿಂತ್ಕೊಂಡು ಮಾತಾಡ್ತಾರೆ. ಅವ್ರು ಕೆಳಗಿಳಿಯೋ ಹೊತ್ತಿಗೆ ನಾನು ಒಂದು ಬುಟ್ಟಿ ಬೇನಿಶಾ ಕಾಯಿ ಆರಿಸಿರ್ತೀನಿ" ಅಂದಳು. ಕಣ್ಣು ನೋಡಿದರೆ ಮಾವಿನ ಓಟೆಯಷ್ಟು ದಪ್ಪ, ಮೂಗು ಮಾತ್ರ ಬರೆಯುವವನು ಮರೆತಿದ್ದಾನೆ ಎಂದು ಇನ್ನೊಬ್ಬಳು. ಅಷ್ಟು ಮಳೆ ಬಂದರೂ ತಲೆಗೂದಲು ಕತ್ತಾಳೆ ಪೊದೆಯ ಹಾಗೆ ನೆಟ್ಟಗೇ ನಿಂತಿತ್ತು, ಅದೇನು ಎಣ್ಣೆಯೋ ಎಂದು ಮತ್ತೊಬ್ಬಳು. ಹಾಡಿಲ್ಲ, ಕುಣಿತವಿಲ್ಲ, ಹೆಂಗಸರ ಗೋಳಿಲ್ಲ, ಇಂಥ ಸಿನಿಮಾ ನಮ್ಮವರು ಯಾವತ್ತು ತೆಗೆಯುತ್ತಾರೆ ಎಂದು ಗುರಪ್ಪ ಮೆಚ್ಚಿಕೊಂಡ.

ದೊಡ್ಡ ಜಗಳ ಆದದ್ದು ಸತ್ತ ಗುರು ಎದ್ದು ಬಂದದ್ದರ ಬಗ್ಗೆ. ಅದು ಹಳೇ ಕಥೆ ತೋರಿಸೋ ಫ್ಲ್ಯಾಶ್‌ಬ್ಯಾಕು ಇರಬೇಕು ಎಂದು ಯಾರೋ ಅಂದರು. ಗುರಪ್ಪ ಒಪ್ಪಲಿಲ್ಲ. ಫ್ಲ್ಯಾಶ್‌ಬ್ಯಾಕ್ ಆದರೆ ಸುತ್ತ ಹೊಗೆ ಬಿಡುತ್ತಾರೆ, ಇದರಲ್ಲಿ ಹೊಗೆಯೇ ಇರಲಿಲ್ಲವಲ್ಲ? ಶಿಷ್ಯ ಅಷ್ಟು ಭಕ್ತಿಯಿಂದ ಅಡ್ಡಬಿದ್ದ, ಗುರು ಎದ್ದು ಬಂದ, ಆ ದೇಶದಲ್ಲಿ ಅಂಥ ವಿದ್ಯೆ ಇದೆ ಎಂದು ಅವನು ತೀರ್ಮಾನ ಮಾಡಿಬಿಟ್ಟ. ಎಲ್ಲರಿಗೂ ಅದೇ ಹಿಡಿಸಿತು. ಒಳ್ಳೆಯವರು ವಾಪಸ್ ಬಂದರೆ ಯಾರಿಗೆ ಬೇಡ?

ರತ್ನಮ್ಮ ಪ್ರೀತಿಗೆ ನನ್ನ ಬೆನ್ನ ಹಿಂದೆ ಬಗ್ಗಿ, "ನೋಡ್ದಾ ಭವ್ಯಾ, ಆ ತಾತ ಸತ್ತೋಗಿದ್ರೂ ವಾಪಸ್ ಬಂದ್ನಲ್ಲ" ಅಂದಳು. ಅಂದಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮನೆಯಲ್ಲಿ ಯಾರೂ ಎತ್ತದ ಮಾತು ಇಷ್ಟು ಜನರ ನಡುವೆ ಬಿದ್ದುಬಿಟ್ಟಿತ್ತು.

"ಬರಲಿಲ್ಲ."

ಬಹಳ ದಿನ ಸೇದದ ಬಾವಿಯ ರಾಟೆ ತಿರುಗಿದಂಥ ದನಿ. ನಾನು ತಿರುಗಲಿಲ್ಲ. ತಿರುಗಿದರೆ ನಿಂತುಹೋಗುತ್ತದೇನೋ ಎಂದು ಭಯ. ಹುಲ್ಲಿನ ಅಡಿಯಲ್ಲಿ ರತ್ನಮ್ಮನ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿತ್ತು. ಆದರೆ ಬಾಯಲ್ಲಿ ಅವಳು ಏನೂ ಆಗದವಳಂತೆ, ಅವತ್ತಿನವರೆಗೂ ಆ ಹುಡುಗಿ ದಿನಾ ಮಾತಾಡುತ್ತಿದ್ದಳೇನೋ ಅನ್ನುವಂತೆ, ಜಗಳಕ್ಕೇ ನಿಂತಳು. ಆ ಪುಣ್ಯಾತ್ಗಿತ್ತಿಗೆ ಆ ಬುದ್ಧಿ ಯಾವ ದೇವರು ಕೊಟ್ಟನೋ.

"ಬರ್ದೇ ಏನೇ? ನಾನು ಈ ಕಣ್ಣಲ್ಲೇ ನೋಡ್ಲಿಲ್ವಾ? ಮೊದ್ಲ ದಿನ ಸಮಾಧೀಲಿದ್ದ, ಎರಡನೇ ದಿನ ಎದ್ದು ಗಂಜಿ ಕುಡೀತಿದ್ದ."

"ಅದು ಉಲ್ಟಾ ಹಾಕಿದ್ದು. ಎರಡನೇ ದಿನದ್ದು ಮೊದ್ಲು."

"ನಿಂಗೆ ಹೆಂಗೆ ಗೊತ್ತು?"

"ಮರ ನೋಡ್ಲಿಲ್ವಾ? ಮೊದ್ಲ ದಿನ ಗುಡಿಸಲಿಗಿಂತ ಎತ್ತರ ಇತ್ತು. ಎರಡನೇ ದಿನ ಅವ್ರ ಮೊಣಕಾಲಿಗೆ ಬರ್ತಿತ್ತು. ಮರ ಎಲ್ಲಾದ್ರೂ ವಾಪಸ್ ಸಸಿ ಆಗ್ತದಾ?"

"ಅದು ಬೇರೆ ಮರ ಇರ್ಬೇಕು ಬಿಡೇ" ಅಂದಳು ರತ್ನಮ್ಮ.

"ಅದೇ ಮರ. ಬುಡದಲ್ಲೇ ಎರಡು ಕವಲು. ಪಕ್ಕದಲ್ಲಿ ಅದೇ ಕಲ್ಲು."

ಗುರಪ್ಪನಿಗೂ ಈಗ ಆಟ ತಿಳಿದಿತ್ತು. ಜಪಾನಿನವರು ಮರಗಳನ್ನು ಕುಳ್ಳ ಮಾಡಿ ಕುಂಡದಲ್ಲಿ ಸಾಕುತ್ತಾರಂತೆ, ಅಲ್ಲಿಯ ಮರ ಕುಗ್ಗಿದ್ದರೂ ಕುಗ್ಗಿರಬಹುದು ಎಂದು ಅವನೂ ಒಂದು ಕಡ್ಡಿ ಆಡಿಸಿದ.

ಭವ್ಯ ಎದ್ದು ನಿಂತಳು. ಸಿಟ್ಟಿಗೆ ಮುಖ ಕೆಂಪಾಗಿತ್ತು. "ಯಾವ ಮರಾನೂ ಕುಗ್ಗಲ್ಲ. ಗಿಡ ದೊಡ್ಡದಾಗೋದು ಮಾತ್ರ ಅಂತ ತಾತ ಹೇಳ್ಕೊಟ್ಟಿದ್ದಾರೆ. ಆ ಗುರು ಮೊದ್ಲು ಇದ್ರು, ಆಮೇಲೆ ಸತ್ತೋದ್ರು. ಅವ್ರು ಬರಲ್ಲ." ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. ದನಿ ಇಳಿಯಿತು. "ನಮ್ಮ ತಾತಾನೂ ಬರಲ್ಲ ಅಲ್ವಾ ಅಜ್ಜಿ?"

ಶೆಡ್ಡಿನಲ್ಲಿ ಕೈಗಳೆಲ್ಲ ನಿಂತವು. ಟೀವಿ ನೋಡುವಾಗಲೂ ನಿಲ್ಲದ ಕೈಗಳು.

"ಇಲ್ಲ ಕಣಮ್ಮ. ಬರಲ್ಲ" ಅಂದೆ.

"ನಾನು ನೀರು ತರೋದು ಲೇಟಾಯ್ತಾ?"

ಅಯ್ಯೋ ನನ್ನ ಬಂಗಾರ, ಇದನ್ನು ನುಂಗಿಕೊಂಡು ಕೂತಿದ್ದಾ ನೀನು ಅನ್ನಿಸಿತು. ಸಂಕ್ರಾಂತಿಯಿಂದ ಆ ಮಗು ಆ ಚೊಂಬನ್ನು ಕೆಳಗೆ ಇಟ್ಟೇ ಇರಲಿಲ್ಲ. ಎಳೆದು ಮಡಿಲಿಗೆ ಹಾಕಿಕೊಂಡೆ. "ಲೇಟೂ ಇಲ್ಲ, ಏನೂ ಇಲ್ಲ. ನೀರು ಕುಡಿದಿದ್ರೂ ನಿಲ್ಲೋ ಜೀವ ಅಲ್ಲ ಅದು ಅಂತ ಡಾಕ್ಟ್ರೇ ಹೇಳಿದ್ರು. ನಮ್ಮ ಭವ್ಯ ತರ್ತಾಳೆ ಅಂತ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಾರೆ ಕಣೇ. ಅಷ್ಟು ನೆಮ್ಮದಿ ಯಾರಿಗೆ ಸಿಗ್ತದೆ?" ಅಂದೆ. ಆಗ ಅತ್ತಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ನಾನೂ ಅತ್ತೆ. ಮಾವಿನಕಾಯಿ ಅತ್ತಿತ್ತ ಉರುಳಿದವು, ಯಾರೂ ಹಿಡಿಯಲಿಲ್ಲ.

ಸೀನನನ್ನು ಕರೆಸಿದರು. ಎರಡು ಸಿ.ಡಿ.ಯ ಮೇಲೂ ಆ ಗೀಚು ಅಕ್ಷರವೇ, ಯಾವುದು ಮೊದಲು ಅಂತ ನನಗೆ ಯಾರು ಹೇಳಬೇಕು, ಕೈಗೆ ಸಿಕ್ಕಿದ್ದು ಹಾಕಿದೆ ಎಂದು ಅವನು ತಲೆ ಕೆರೆದುಕೊಂಡ. ಸರಿಯಾಗಿ ಹಾಕು ಎಂದು ಭವ್ಯ ಅವನಿಗೆ ಅಪ್ಪಣೆ ಮಾಡಿದಳು. ಅವನು ಆ ಹುಡುಗಿಯ ಬಾಯನ್ನೇ ನೋಡುತ್ತಾ ಹೂಂ ಅಂದ.

ಮರುದಿನ ಕರೆಂಟು ಬಂತು. ಊರೆಲ್ಲ ಇನ್ನೊಂದು ಸಲ ನೋಡಿತು. ಸಸಿ ನೆಟ್ಟರು, ಗುರು ವಿದ್ಯೆ ಕಲಿಸಿದ, ಮಳೆಯಲ್ಲಿ ಕಪ್ಪಿನವನ ಕೈಯಲ್ಲಿ ಸತ್ತ. ಶೆಡ್ಡಿಗೆ ಶೆಡ್ಡೇ ಸೆರಗು ಕಣ್ಣಿಗೆ ಒತ್ತಿಕೊಂಡಿತು. ಲೋಡಿಗೆ ಬಂದಿದ್ದ ಮದನಪಲ್ಲಿ ಕಡೆಯ ಡ್ರೈವರು, "ಬೊಮ್ಮ ಚಚ್ಚಿಪೋತೇ ಇಂತ ಏಡುಪಾ?" ಎಂದು ನಕ್ಕ. ಗೊಂಬೆ ಸತ್ತರೆ ಇಷ್ಟು ಅಳುವೇ ಎಂದು ಕೇಳಿದವನೇ ಎರಡನೇ ಸಿ.ಡಿ. ಮುಗಿಯುವವರೆಗೂ ಬಾಗಿಲಿಗೆ ಒರಗಿ ನಿಂತಿದ್ದ. ಅವತ್ತು ಲಾರಿ ಮಂಡಿಗೆ ತಡವಾಗಿ ಹೋಯಿತು.

ಸಿನಿಮಾ ಮುಗಿದ ಮೇಲೆ ರತ್ನಮ್ಮ, ಉಲ್ಟಾ ಹಾಕಿದಾಗಲೇ ಚೆನ್ನಾಗಿತ್ತು, ಮುದುಕ ಬದುಕಿದ್ದ ಎಂದು ಬೇಕೆಂದೇ ರಾಗ ತೆಗೆದಳು. ಭವ್ಯ, "ಸರಿಯಾಗಿ ಹಾಕಿದ್ರೆ ಮರ ದೊಡ್ಡದಾಗ್ತದಲ್ಲ" ಅಂದಳು. ರತ್ನಮ್ಮ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು.

ಭಾನುವಾರ ನಾಗರಾಜ ಬಂದ. ಮುಂಚೆ ಹೇಳಿ ಕಳಿಸಬೇಡಿ ಎಂದು ನಾನೇ ತಡೆದಿದ್ದೆ. ಅವನು ಚಪ್ಪಲಿ ಬಿಡುವ ಮೊದಲೇ ಅವಳು ಒಳಗಿನಿಂದ, "ಅಪ್ಪಾ, ಈ ಟ್ರಂಕು ಯಾರಿಗೆ?" ಎಂದು ಕೇಳಿದಳು. ಅವನು ಅದೇ ಟ್ರಂಕಿನ ಮೇಲೆ ಕೂತುಬಿಟ್ಟ. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಯಾರಿಗೂ ಅಲ್ಲಮ್ಮ ಎಂದು ಅವಳನ್ನು ಎಳೆದು ತಬ್ಬಿಕೊಂಡ. ಸರೋಜ ಅವತ್ತೇ ಆ ಟ್ರಂಕಿಗೆ ಹುಲ್ಲು ಹಾಸಿ ಬಾದಾಮಿ ಕಾಯಿ ತುಂಬಿದಳು. ವಾರಕ್ಕೆ ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆಂದಿತು. ಜೂನಿನಲ್ಲಿ ಭವ್ಯ ನಮ್ಮೂರ ಸ್ಕೂಲಿಗೇ ಹೋದಳು. ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು ಎಂದು ಮೊದಲ ವಾರವೇ ದೂರು ತಂದಳು. ನಾನು ಆ ಮೇಷ್ಟ್ರಿಗೆ ಒಂದು ಬುಟ್ಟಿ ಹಣ್ಣು ಕಳಿಸಿದೆ.

ಬಸ್ಸು ಈಗ ಆ ಶೆಡ್ಡಿನ ಮುಂದೆಯೇ ಹೋಗುತ್ತದೆ. ಅದು ಈಗ ಟೊಮೇಟೊ ಗೋಡೌನು. ಭವ್ಯ ಟಿಕೆಟ್ ಮೆಷಿನ್ನು ಹಿಡಿದು ನನ್ನ ಹತ್ತಿರ ಬಂದು, "ಅಜ್ಜೀ, ಗುರುತಿನ ಚೀಟಿ ತಂದಿದೀಯಾ? ಇಲ್ಲಾಂದ್ರೆ ಇಳಿಸ್ತೀನಿ ನೋಡು" ಎಂದು ಎಲ್ಲರಿಗೂ ಕೇಳುವಂತೆ ಗದರಿ, ಯಾರಿಗೂ ಕಾಣದಂತೆ ನನ್ನ ಕೆನ್ನೆ ಚಿವುಟಿ ಮುಂದೆ ಹೋದಳು. ಪಕ್ಕದ ಯಜಮಾನರು ಪಾಪ, ಚೀಟಿ ಇಲ್ಲದೆ ಬಿಟ್ಟಿ ಹತ್ತಿದವಳೇನೋ ಎಂದು ಈಗ ನನ್ನನ್ನೂ ಅನುಮಾನದಿಂದ ನೋಡಿದರು. ಅವರು ಕೇಳಿದ್ದ ಪ್ರಶ್ನೆ ಇನ್ನೂ ಹಾಗೇ ಉಳಿದಿತ್ತು.

"ಆಡ್ಲಿ ಬಿಡಿ ಯಜಮಾನ್ರೇ" ಅಂದೆ. "ಒಂದು ಸಂಕ್ರಾಂತಿಯಿಂದ ಮಾವಿನ ಕಾಲದವರೆಗೂ ಆಡ್ದೇ ಇಟ್ಟಿದ್ದು ಇನ್ನೂ ಬಾಕಿ ಇದೆ ಅವಳ್ದು."